ಎಂಟು ಮನೆಯ ಜಮಖಾನ

ಟ್ರಂಕು ತೆಗೆದಾಗ ಮೊದಲು ಬಂದದ್ದು ಬೇವಿನೆಲೆಯ ವಾಸನೆ. ಒಣಗಿ ಪುಡಿಯಾದ ಬೇವಿನೆಲೆ, ಅದರ ಕೆಳಗೆ ಹಳೆಯ ಹತ್ತಿನೂಲು, ಅದಕ್ಕೂ ಕೆಳಗೆ ಬಣ್ಣದ ಹಂಡೆಯ ಹತ್ತಿರ ನಿಂತಾಗ ಬರುತ್ತಿದ್ದ ಒಂದು ಕಟು ವಾಸನೆ... ಇಷ್ಟು ವರ್ಷದ ಮೇಲೆ ಅದು ಉಳಿದಿರಲು ಸಾಧ್ಯವಿಲ್ಲ. ಆದರೆ ನನ್ನ ಮೂಗು ಕೇಳಬೇಕಲ್ಲ. ತಂಗಿಯ ಮಗಳು ಎರಡು ದಿನದ ರಜೆಗೆ ಬಂದಿದ್ದಳು. ಪಡಸಾಲೆಯಲ್ಲಿ ಹಾಸಿಕೊಳ್ಳಲು ಏನಾದರೂ ಬೇಕೆಂದಳು. ಕೈಗೆ ಸಿಕ್ಕ ಜಮಖಾನವನ್ನು ಹೊರಗೆಳೆದೆ.

ಈ ಹುಡುಗಿ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಫೋನಿನಲ್ಲಿ ಆಡುವ ಆಟಗಳಿಗೆ ಪ್ರೋಗ್ರಾಂ ಬರೆಯುತ್ತಾಳೆ. ಆಟ ಮಾಡುವವರಿಗೆ ದಿನವೆಲ್ಲ ಆಟ ಎಂದು ನಾನು ತಿಳಿದಿದ್ದೆ. ಬಂದಾಗಿನಿಂದ ಅವಳ ಮುಖ ನೋಡಿದರೆ ಹಾಗೆ ಅನಿಸಲಿಲ್ಲ. ನಾಲ್ಕು ತಿಂಗಳು ಕೂತು ಒಂದು ಆಟದ ಕೊನೆಯ ಹಂತ ಬರೆದಿದ್ದಳಂತೆ. ಮೇಲಿನವನು ಅದನ್ನು ಒಂದೇ ಮಾತಿನಲ್ಲಿ ತೆಗೆದುಹಾಕಿದನಂತೆ. “ಅಲ್ಲೀತನಕ ಯಾರೂ ಆಡಂಗಿಲ್ಲ ಅಂದ್ರು ದೊಡ್ಡವ್ವಾ,” ಎಂದಳು. ರಾಜೀನಾಮೆ ಪತ್ರ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದಳು, ಕಳಿಸುವುದೊಂದೇ ಬಾಕಿ.

ಮೂವತ್ತಕ್ಕೂ ಹೆಚ್ಚು ವರ್ಷ ನೌಕರಿ ಮಾಡಿ ನಿವೃತ್ತಳಾದವಳು ನಾನು. ನೌಕರಿ ಅಂದರೆ ಹೀಗೇ, ಹೇಳಿದ್ದು ಮಾಡಬೇಕು, ಸುಮ್ಮನಿರಬೇಕು ಎಂಬ ಹಿತೋಪದೇಶ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಜಮಖಾನದ ಮೂಲೆಯಲ್ಲಿ ಹೊಲಿದಿದ್ದ ಬಟ್ಟೆಯ ಚೀಟಿ ಮೇಲಕ್ಕೆ ತಿರುಗಿತು. ಮಾಸಿದ ನೀಲಿ ಶಾಯಿಯಲ್ಲಿ ಒಂದೇ ಪದ: ನಕ್ಷೆಯಂತಿಲ್ಲ. ಅಕ್ಷರ ನನ್ನದು. ನನ್ನ ಉಪದೇಶ ಅಲ್ಲಿಗೇ ನಿಂತಿತು.

ಎಂಬತ್ತರ ದಶಕದ ನಡುವಿನ ಮಾತು. ಆಗ ನವಲಗುಂದದಲ್ಲಿ ಒಂದು ಜಮಖಾನದ ಕೇಂದ್ರವಿತ್ತು. ತಗಡಿನ ಶೆಡ್ಡು, ಗೋಡೆಗೆ ಒರಗಿದಂತೆ ನೆಟ್ಟಗೆ ನಿಂತ ಮಗ್ಗಗಳು, ಒಂದೊಂದರ ಮುಂದೆ ಇಬ್ಬಿಬ್ಬರು ಹೆಂಗಸರು. ನಾನು ಅಣ್ಣಿಗೇರಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನೇಯ್ದು ಇಳಿಸಿದ ಜಮಖಾನವನ್ನು ಟೇಪು ಹಿಡಿದು ಅಳೆಯುವುದು, ಕೇಂದ್ರದ ಮುಖ್ಯಸ್ಥರಾಗಿದ್ದ ಸಾಹೇಬರ ನಕ್ಷೆಯ ಹಾಳೆಗೆ ತಾಳೆ ನೋಡುವುದು, ಮೂಲೆಗೆ ಚೀಟಿ ಹೊಲಿಯುವುದು... ಇಷ್ಟೇ ನನ್ನ ಕೆಲಸ. ನೇಯಲು ನನಗೆ ಒಂದು ಎಳೆಯೂ ಬರುತ್ತಿರಲಿಲ್ಲ. ಆದರೂ ನೇಯುವವರ ಕೆಲಸ ಸರಿಯೋ ತಪ್ಪೋ ಎಂದು ಬರೆಯುವವಳು ನಾನೇ. ಆರು ತಿಂಗಳಿಗೊಮ್ಮೆ ಮುಂದುವರಿಸುವ ತಾತ್ಪೂರ್ತಿಕ ನೌಕರಿ. ಕಾಯಂ ಆಗಬೇಕೆಂಬುದು ಹಗಲೂ ರಾತ್ರಿ ತಲೆಯಲ್ಲಿ ಕುಳಿತಿದ್ದ ಒಂದೇ ಯೋಚನೆ.

ಬಾಗಿಲ ಹತ್ತಿರದ ಮೊದಲ ಮಗ್ಗ ಚಾಚಿಯದು. ಎಲ್ಲರಿಗೂ ಆಕೆ ಚಾಚಿಯೇ. ಐವತ್ತರ ಆಸುಪಾಸು, ಕಡ್ಡಿಯಂಥ ದೇಹ, ಮೂಗಿನ ಮೇಲೆ ಸಿಟ್ಟು. ನೂಲು ಕುಟ್ಟುವ ಕಬ್ಬಿಣದ ಹಣಿಗೆ ಹಿಡಿದಾಗ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು. ಆ ಹಣಿಗೆ ಕೇಂದ್ರದ್ದಲ್ಲ, ಅತ್ತೆಯಿಂದ ಬಂದದ್ದು. ಅವರ ಮನೆತನಗಳಲ್ಲಿ ಈ ಕಸುಬನ್ನು ಮಗಳಿಗೆ ಕಲಿಸುವುದಿಲ್ಲ, ಸೊಸೆಗೆ ಮಾತ್ರ. ಮಗಳು ಬೇರೆ ಮನೆಗೆ ಹೋಗುವವಳು, ಅವಳ ಜೊತೆ ಕಸುಬೂ ಹೊರಟುಹೋಗುತ್ತದೆ ಎಂಬ ಲೆಕ್ಕ. ನನಗೂ ಎಳೆಯ ಎಣಿಕೆ ಹೇಳಿಕೊಡಿ ಎಂದು ಒಮ್ಮೆ ಕೇಳಿದ್ದೆ.

“ನಮ್ಮ ಮನಿ ಸೊಸಿ ಆಗ್ತೀಯೇನು ತಂಗಿ? ಆಗಂಗಿಲ್ಲಲ್ಲ. ಹಂಗಾರ ಚಾ ಕುಡದು ಹೋಗು,” ಎಂದು ನಕ್ಕಿದ್ದರು.

ಚಾಚಿ ಹೆಸರು ಮಾಡಿದ್ದು ಪಗಡೆ ಹಾಸಿನ ಜಮಖಾನಕ್ಕೆ. ಕೆಂಪು ನೆಲದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಪಟ್ಟಿ, ಪಟ್ಟಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ನಟ್ಟನಡುವೆ ಒಂದು ದೊಡ್ಡ ಮನೆ. ಕಾಯಿ ಸುತ್ತು ಹಾಕಿ ಬಂದು ಆ ನಡುಮನೆ ಸೇರಿದರೆ ಹಣ್ಣಾಯಿತು ಎನ್ನುತ್ತಾರೆ. ಆಕೆ ಮದುವೆಯಾಗಿ ಬಂದ ಮೇಲೆ ಅತ್ತೆ ಒಂದು ವರ್ಷ ಮಗ್ಗ ಮುಟ್ಟಗೊಡಲಿಲ್ಲವಂತೆ. ಬರೀ ಪಗಡೆ ಆಡಿಸಿದರಂತೆ. ಆಡಲು ಬಾರದವಳು ಹಾಸು ನೇಯಬಾರದು ಎಂಬುದು ಆ ಮನೆಯ ಕಟ್ಟಳೆ. ಹಾಗಾಗಿ ಚಾಚಿಗೆ ನಕ್ಷೆಯ ಹಾಳೆ ಬೇಕಿರಲಿಲ್ಲ. ಪಕ್ಕ ಕೂತ ಜೋಡಿ ನೇಯ್ಗೆಯಾಕೆಯ ಜೊತೆ ಬಾಯಲ್ಲೇ ಆಡುತ್ತ ನೇಯುತ್ತಿದ್ದರು. ಇಲ್ಲದ ಕವಡೆ ಎಸೆಯುವುದು, ಇಲ್ಲದ ಕಾಯಿ ನಡೆಸುವುದು, ಅದರ ಹಿಂದೆ ಎಳೆ ನಡೆಸುವುದು. ಹೊರಗಿನಿಂದ ಬಂದವರು ಈ ಹೆಂಗಸರು ಏನೋ ಮಂತ್ರ ಹೇಳುತ್ತಾರೆ ಎಂದುಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಪಗಡೆಯ ಹೆಸರು ಎತ್ತುವಂತಿರಲಿಲ್ಲ. ಧರ್ಮರಾಯನೇ ಕೆಟ್ಟ, ನೀವೆಷ್ಟರವರು ಎಂದು ಅಜ್ಜಿ ಗದರುತ್ತಿದ್ದಳು. ಆ ಆಟ ನನಗೆ ಬರುತ್ತಲೇ ಇರಲಿಲ್ಲ.

ಕೇಂದ್ರದಲ್ಲಿ ಗೊಣಗಾಟಕ್ಕೇನೂ ಕೊರತೆಯಿರಲಿಲ್ಲ. ಬೇಸಗೆಯಲ್ಲಿ ತಗಡು ಕಾದು ಹೆಂಚಾಗುತ್ತಿತ್ತು, ಇದ್ದ ಒಂದು ಫ್ಯಾನು ಸಾಹೇಬರ ಕೋಣೆಯಲ್ಲಿತ್ತು. ಹಳದಿ ನೂಲು ಕೇಳಿದರೆ ಹಸಿರು ಬರುತ್ತಿತ್ತು. ಅರ್ಧ ನೇಯ್ದ ಮೇಲೆ ಅಂಚು ಬದಲಿಸಿ ಎಂದು ಅಪ್ಪಣೆಯಾಗುತ್ತಿತ್ತು. ಜಮಖಾನದ ಮೇಲೆ ಕೇಂದ್ರದ ಮುದ್ರೆ ಬೀಳುತ್ತಿತ್ತು, ನೇಯ್ದವರ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಉಳಿದವರು ಗೊಣಗಿ ಸುಮ್ಮನಾಗುತ್ತಿದ್ದರು. ಚಾಚಿ ಗೊಣಗುತ್ತಿರಲಿಲ್ಲ, ಎದ್ದು ಹೋಗಿ ಸಾಹೇಬರ ಬಾಗಿಲಲ್ಲಿ ನಿಂತು ಹೇಳಿ ಬರುತ್ತಿದ್ದರು. ಕೆಲಸವಾಗುತ್ತಿತ್ತೋ ಇಲ್ಲವೋ, ಹೇಳುವುದನ್ನು ಬಿಡುತ್ತಿರಲಿಲ್ಲ.

ಆ ವರ್ಷ ದಿಲ್ಲಿಯ ಯಾವುದೋ ಪ್ರದರ್ಶನಕ್ಕೆ ಪಗಡೆ ಜಮಖಾನ ಕಳಿಸಬೇಕೆಂದು ಆದೇಶ ಬಂತು. ಸಾಹೇಬರು ಮೈಸೂರು ಕಡೆಯವರು, ಕೆಟ್ಟವರಲ್ಲ. ಅವರ ಮೇಲೂ ಒಬ್ಬರು ಕೂತು ಅವಸರ ಮಾಡುತ್ತಿದ್ದರು. ನವಲಗುಂದ ಅಂದಮೇಲೆ ಅಂಚಿನಲ್ಲಿ ನವಿಲು ಇರಲೇಬೇಕು ಎಂದು ಅವರಿಗೆ ಹೊಳೆಯಿತು. ಉದ್ದ ಹೆಚ್ಚಿಸುವಂತಿಲ್ಲ. ಹಾಗಾಗಿ ಚೌಕಳಿ ಹಾಳೆಯ ಮೇಲೆ ಪಟ್ಟಿಯನ್ನು ಗಿಡ್ಡ ಮಾಡಿದರು. ಸಾಲಿಗೆ ಎಂಟು ಮನೆ ಇದ್ದದ್ದು ಏಳಾಯಿತು.

ಚಾಚಿ ಹಾಳೆ ನೋಡಿದರು. ಬೆರಳಿಟ್ಟು ಎಣಿಸಿದರು. “ಇದ ಆಗಂಗಿಲ್ಲರಿ ಸಾಹೇಬ್ರ. ಕಾಯಿ ಹಣ್ಣಾಗಂಗಿಲ್ಲ.”

“ಯಾರಮ್ಮಾ ಇದರ ಮೇಲೆ ಆಡ್ತಾರೆ? ಗೋಡೆಗೆ ತೂಗುಹಾಕ್ತಾರೆ. ಏಳಿದ್ರೇನು, ಎಂಟಿದ್ರೇನು?” ಎಂದರು ಸಾಹೇಬರು.

ಕಾಯಿ ಹಣ್ಣಾಗುವುದಿಲ್ಲ ಎಂಬ ಮಾತು ನಮಗೆಲ್ಲ ಹಳೆಯ ಹೆಂಗಸರ ಶಕುನದ ಮಾತಿನಂತೆ ಕೇಳಿಸಿತು. ನಾನೂ ಹಾಗೇ ತಿಳಿದೆ. ಏಕೆ ಹಣ್ಣಾಗುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಚಾಚಿಯೂ ಬಿಡಿಸಿ ಹೇಳಲಿಲ್ಲ. ಸೊಸೆಯಲ್ಲದವರಿಗೆ ಎಣಿಕೆ ಹೇಳುವ ರೂಢಿ ಇಲ್ಲವಲ್ಲ... ನಕ್ಷೆಯಂತೆ ನೇಯದಿದ್ದರೆ ಮಗ್ಗ ಬೇರೆಯವರಿಗೆ ಹೋಗುತ್ತದೆ ಎಂದು ಸಾಹೇಬರು ಹೇಳಿದಾಗ ಆಕೆ ಸೆರಗು ಸರಿಮಾಡಿಕೊಂಡು ಮಗ್ಗಕ್ಕೆ ಮರಳಿದರು. ಒಪ್ಪಿದರು ಎಂದೇ ಎಲ್ಲರೂ ಅಂದುಕೊಂಡೆವು.

ಮರುದಿನದಿಂದ ಚಾಚಿ ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನೂಲನ್ನು ಬಿಚ್ಚಿ ಸಣ್ಣ ಎಳೆ ಮಾಡಿಕೊಂಡರು. ಒಂದೊಂದು ಸಾಲಿಗೆ ಹಣಿಗೆಯಿಂದ ಎರಡರಷ್ಟು ಪೆಟ್ಟು. ಜೋಡಿಯಾಕೆ ರಟ್ಟೆ ಹಿಡಿದುಕೊಂಡು, “ಸಾಕು ಮಾಡ್ರಿ ಚಾಚಿ, ಯಾರ ಸಲುವಾಗಿ ಇಷ್ಟು?” ಎಂದದ್ದು ನನಗೆ ಕೇಳಿಸಿತ್ತು. ಚಾಚಿ ಮುಂದಿನ ಎಸೆತ ಹೇಳಿದರು. ಸುಮಾರು ಮೂರು ವಾರ ಹೀಗೇ ನಡೆಯಿತು.

ಇಳಿಸಿದ ದಿನ ನಾನು ಟೇಪು ಹಿಡಿದೆ. ಉದ್ದ ಸರಿ, ಅಗಲ ಸರಿ. ನವಿಲುಗಳು ಅಂಚಿನಲ್ಲಿ ಸಾಲಾಗಿ ನಿಂತಿದ್ದವು. ಅಷ್ಟೇ ಜಾಗದಲ್ಲಿ, ಮನೆಗಳನ್ನು ಚೂರು ಚೂರು ಕಿರಿದು ಮಾಡಿ, ಚಾಚಿ ಸಾಲಿಗೆ ಎಂಟೂ ಮನೆ ಕೂಡಿಸಿದ್ದರು. ಅಂಥ ಬಿಗಿಯಾದ ಜಮಖಾನ ನಾನು ಆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಸಾಹೇಬರ ಹಾಳೆಯಲ್ಲಿ ಏಳು ಇದ್ದವು. ನನ್ನ ಕಾಯಂ ಆಗುವ ಕಾಗದ ಅದೇ ವಾರ ಸಾಹೇಬರ ಮೇಜಿನ ಮೇಲೆ ಸಹಿಗೆ ಬಂದಿತ್ತು. ಅವರು ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಇವತ್ತು ತಪ್ಪನ್ನು ಅವರ ತಲೆಗೆ ಕಟ್ಟಿ ಹಗುರಾಗಬಹುದಿತ್ತು. ನಾನೇ ಚೀಟಿಯ ಮೇಲೆ ಬರೆದೆ, ನಾನೇ ಹೊಲಿದೆ.

ಚಾಚಿಗೆ ಓದಲು ಬರುತ್ತಿರಲಿಲ್ಲ. ಚೀಟಿ ಹಿಡಿದು, “ಏನ್ ಬರದೀ ತಂಗಿ?” ಎಂದು ಕೇಳಿದರು. ನಾನು ಓದಿ ಹೇಳಿದೆ. ಆಕೆ ಚೀಟಿಯನ್ನು ಕೈಬಿಟ್ಟರು.

“ಎಣಿಸೀರಿ ಬಾಯಾರ, ಖರೇ ಐತಿ. ಆಡಿ ನೋಡೀರೇನ್ರಿ?”

ಅಲ್ಲಿಯವರೆಗೆ ತಂಗಿಯಾಗಿದ್ದವಳು ಒಂದೇ ಗಳಿಗೆಯಲ್ಲಿ ಕಚೇರಿಯ ಬಾಯಾರ ಆದೆ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಪಾಸಾಗದ ಜಮಖಾನವನ್ನು ನೇಯ್ದವರೇ ಬಿಚ್ಚಿ ನೂಲು ವಾಪಸು ಕೊಡಬೇಕೆಂಬ ನಿಯಮವಿತ್ತು. ಚಾಚಿ ಬಿಚ್ಚಲಿಲ್ಲ. ಊಟದ ಹೊತ್ತಿಗೆ ಅದನ್ನು ಅಂಗಳದ ಬೇವಿನ ಗಿಡದ ಕೆಳಗೆ ಹಾಸಿದರು. ಸೆರಗಿನ ಗಂಟಿನಿಂದ ಕವಡೆ ತೆಗೆದರು. ಜೋಡಿಯಾಕೆ ಎದುರು ಕೂತಳು. ಒಬ್ಬೊಬ್ಬರಾಗಿ ಎಲ್ಲ ಮಗ್ಗದ ಹೆಂಗಸರೂ ಬುತ್ತಿ ಹಿಡಿದುಕೊಂಡೇ ಸುತ್ತ ಕೂತರು. ಊಟದ ಬಿಡುವು ಮುಗಿಯಿತು, ಯಾರೂ ಏಳಲಿಲ್ಲ. ಸಾಹೇಬರು ಬಾಗಿಲಿಗೆ ಬಂದು ನಿಂತರು. ಚಾಚಿ ತಲೆ ಎತ್ತದೆ, “ಆಟ ಮುಗಿಲಿರಿ, ಬರ್ತೀವಿ,” ಎಂದರು. ಗಂಟೆ ಬಾರಿಸುವ ಶಿಪಾಯಿಯೇ ಅಲ್ಲಿ ಕಾಯಿ ಎಣಿಸುತ್ತ ಕುಕ್ಕರಗಾಲಲ್ಲಿ ಕೂತಿದ್ದ. ಸಾಹೇಬರು ಇನ್ನಾರನ್ನು ಬೈಯಬೇಕು? ಒಳಗೆ ಹೋದರು.

ನಾನು ಮಾತ್ರ ನನ್ನ ಮೇಜು ಬಿಟ್ಟು ಏಳಲಿಲ್ಲ. ಕಿಟಕಿಯಿಂದ ಬೆನ್ನುಗಳಷ್ಟೇ ಕಾಣುತ್ತಿದ್ದವು. ಬಹಳ ಹೊತ್ತಿನ ಮೇಲೆ, “ಹಣ್ಣಾತು!” ಎಂಬ ಕೂಗು ಕೇಳಿತು. ಹತ್ತು ಹೆಜ್ಜೆ ನಡೆದಿದ್ದರೆ ನೋಡಬಹುದಿತ್ತು...

ಆಟ ಮುಗಿಸಿ ಚಾಚಿ ಜಮಖಾನ ಮಡಚಿ ತಂದು ನನ್ನ ಮೇಜಿನ ಮೇಲಿಟ್ಟರು. “ಬಿಚ್ಚೂದು ನನ್ನ ಕೈಲೆ ಆಗಂಗಿಲ್ಲರಿ. ನಿಮ್ಮ ಮಾಲು, ನೀವ ಬಿಚ್ಚರಿ.” ಮಗ್ಗದಿಂದ ಅತ್ತೆಯ ಹಣಿಗೆ ಎತ್ತಿಕೊಂಡು ಹೊರಟರು. ಮರುದಿನ ಬರಲಿಲ್ಲ. ಮತ್ತೆ ಎಂದೂ ಬರಲಿಲ್ಲ.

ನಾನು ಬಿಚ್ಚಲಿಲ್ಲ. ಅದನ್ನು ಉಗ್ರಾಣದ ಕಪಾಟಿನ ತಳದಲ್ಲಿ ತುರುಕಿದೆ. ನನ್ನ ಧೈರ್ಯ ಅಷ್ಟೇ. ಬೇರೆ ಮಗ್ಗದವರು ನೇಯ್ದ ಏಳು ಮನೆಯ ಜಮಖಾನಗಳು ದಿಲ್ಲಿಗೆ ಹೋದವು. ಅಲ್ಲಿ ಎಲ್ಲರೂ ಮೆಚ್ಚಿದರಂತೆ, ನವಿಲನ್ನಂತೂ ಬಹಳ ಹೊಗಳಿದರಂತೆ. ಒಬ್ಬರೂ ಮನೆ ಎಣಿಸಲಿಲ್ಲ. ನನ್ನ ನೌಕರಿ ಕಾಯಂ ಆಯಿತು, ಮನೆಯವರು ಪೇಢೆ ಹಂಚಿದರು. ನಾನೂ ತಿಂದೆ.

ಚಾಚಿ ಮನೆಯಲ್ಲೇ ಮಗ್ಗ ಹೂಡಿದ್ದರು. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಎಷ್ಟೋ ಸಂಜೆ ಬೇಕೆಂದೇ ಆ ಓಣಿಯಲ್ಲಿ ಸುತ್ತಿ ಹೋಗುತ್ತಿದ್ದೆ. ಒಳಗಿನಿಂದ ಹಣಿಗೆಯ ಪೆಟ್ಟು ಕೇಳುತ್ತಿತ್ತು. ಬಾಗಿಲು ತಟ್ಟಲಿಲ್ಲ. ಮುಂದಿನ ವಾರ ತಟ್ಟೋಣ, ಹಬ್ಬ ಮುಗಿಯಲಿ, ಮಳೆ ನಿಲ್ಲಲಿ... ಹೀಗೆ ಮೂರು ವರ್ಷ. ಒಂದು ಸಂಜೆ ಶಬ್ದ ಕೇಳಲಿಲ್ಲ. ಮುಂದೆ ಎಷ್ಟೋ ವಾರ ಇಲ್ಲ. ಜೋಡಿಯಾಕೆಯನ್ನು ಕೇಳಿದಾಗ, “ನಿಮಗ ಗೊತ್ತಿಲ್ಲೇನ್ರಿ? ಹೋಗಿ ತಿಂಗಳಾತಲ್ರಿ,” ಎಂದಳು. ಚಾಚಿಯ ಮಗನಿಗಿನ್ನೂ ಮದುವೆಯಾಗಿರಲಿಲ್ಲ. ಸೊಸೆ ಬರುವ ಮೊದಲೇ ಅತ್ತೆ ಹೋಗಿದ್ದರು.

ಮುಂದೆ ಕೇಂದ್ರ ಮುಚ್ಚಿ ನನ್ನನ್ನು ಬೇರೆ ಕಚೇರಿಗೆ ಹಾಕಿದಾಗ ಕಪಾಟಿನ ಹಳೆಯ ಮಾಲನ್ನು ವಿಲೇವಾರಿ ಮಾಡಿದರು. ಇದನ್ನು ನಾನು ತೆಗೆದುಕೊಂಡೆ. ತಂದು ಟ್ರಂಕಿಗೆ ಹಾಕಿದವಳು ಒಂದು ದಿನವೂ ಹಾಸಲಿಲ್ಲ.

ಇಷ್ಟನ್ನೂ ಮೊನ್ನೆ ತಂಗಿಯ ಮಗಳಿಗೆ ಹೇಳಿದೆ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಆಮೇಲೆ ಎಲ್ಲ ಬಿಟ್ಟು ಒಂದೇ ಪ್ರಶ್ನೆ ಕೇಳಿದಳು: “ಯಾಕ ಹಣ್ಣಾಗಂಗಿಲ್ಲ ಅಂದ್ರು?”

ಅವಳು ಫೋನಿನಲ್ಲಿ ಹಳೆಯ ಆಟದ ನಿಯಮ ಹುಡುಕಿದಳು. ಅಡುಗೆಮನೆಯಿಂದ ಒಂದು ಹುಣಸೆಬೀಜ ತಂದಳು. ಕವಡೆಯಲ್ಲಿ ಎಲ್ಲಕ್ಕಿಂತ ದೊಡ್ಡ ಎಸೆತ ಇಪ್ಪತ್ತೈದು, ಎಂದಳು. ಪಕ್ಕದ ಪಟ್ಟಿಯ ನಡುಸಾಲಿನ ತುದಿಯಲ್ಲಿ ಕತ್ತರಿ ಗುರುತಿನ ಒಂದು ಮನೆ ಇದೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಬೀಜವನ್ನು ಅಲ್ಲಿಟ್ಟು ಮೆಲ್ಲಗೆ ನಡೆಸಿದಳು. ಒಳಕ್ಕೆ ಎಂಟು ಮನೆ. ತಿರುಗಿ ನಮ್ಮ ಪಟ್ಟಿಯಲ್ಲಿ ಹೊರಕ್ಕೆ ಎಂಟು. ತುದಿಯದು ಒಂದು. ನಡುಸಾಲಿನಲ್ಲಿ ಒಳಕ್ಕೆ ಉಳಿದ ಏಳು. ಇಪ್ಪತ್ತೈದನೆಯದಕ್ಕೆ ಬೀಜ ನಟ್ಟನಡುವಿನ ಮನೆಯಲ್ಲಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವಳು ಸಾಲಿಗೆ ಒಂದೊಂದು ಮನೆ ಬಿಟ್ಟು ಮತ್ತೊಮ್ಮೆ ಎಣಿಸಿದಳು. “ಏಳು ಮನಿ ಮಾಡಿದ್ರ ಇಪ್ಪತ್ತೆರಡಕ್ಕ ಮುಗೀತೈತಿ ದೊಡ್ಡವ್ವಾ. ಇಪ್ಪತ್ತೈದು ಬಿತ್ತಂದ್ರ ಕಾಯಿ ನಡುಮನಿ ದಾಟಿ ಹೋಗತೈತಿ. ದೊಡ್ಡ ಎಸೆತ ಬಿದ್ದಾಕಿಗೆ ಹಣ್ಣ ಆಗಂಗಿಲ್ಲ. ಅವರು ಹೇಳಿದ್ದು ಲೆಕ್ಕ.”

ನಾನು ಶಕುನ ಅಂದುಕೊಂಡದ್ದು ಲೆಕ್ಕವಾಗಿತ್ತು. ಟೇಪು ಹಿಡಿದು ಎಷ್ಟೋ ಜಮಖಾನ ಅಳೆದವಳಿಗೆ ಇಪ್ಪತ್ತೈದರವರೆಗೆ ಎಣಿಸಲು ಇಷ್ಟು ವರ್ಷ ಬೇಕಾಯಿತು. ಅಳು ಬಂತು, ಅತ್ತುಬಿಟ್ಟೆ. ನನ್ನ ಮೇಲೆ ನನಗೆ ಸಿಟ್ಟೂ ಬಂತು.

ರಾಜೀನಾಮೆಯ ವಿಷಯ ನಾನು ಕೇಳಲಿಲ್ಲ. ತೆಗೆದುಹಾಕಿದ ಆ ಕೊನೆಯ ಹಂತವನ್ನು ಸೋಮವಾರ ಮೇಲಿನವನ ಮುಂದಿಟ್ಟು ಮೊದಲು ಆಡು, ಆಮೇಲೆ ಮಾತಾಡು ಅನ್ನುತ್ತೇನೆ ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ಹೋಗುವ ಮೊದಲು ಕತ್ತರಿ ತಂದು ಚೀಟಿ ಕಿತ್ತುಹಾಕಲು ನೋಡಿದಳು. ನಾನು ಬಿಡಲಿಲ್ಲ. ಬರೆದವಳು ನಾನು, ಅದು ಇರಬೇಕು.

ಅವಳು ಹೋದ ಮೇಲೆ ಪೆನ್ನು ತಂದು ಹಳೆಯ ಪದದ ಕೆಳಗೆ ಬರೆದೆ: ಆಡಿ ನೋಡಿದೆ, ಹಣ್ಣಾಗುತ್ತದೆ. ಶಾಯಿ ಒಣಗುವವರೆಗೆ ಊದುತ್ತ ಕೂತೆ. ಚಾಚಿ ಇದ್ದಿದ್ದರೂ ಅದನ್ನು ಓದುತ್ತಿರಲಿಲ್ಲ. ಈ ಸಲವೂ ಚೀಟಿ ಹಿಡಿದು, ಏನು ಬರೆದಿ ಎಂದು ಕೇಳುತ್ತಿದ್ದರು. ನಾನೇ ಓದಿ ಹೇಳಬೇಕಾಗಿತ್ತು.