ಕಡಲ ನೀರಿನ ಪೈಪಿಗೆ ಬುನ್ಯಂಗಕ್ಕ ಆರಿಸಿದ ಉಕ್ಕು

ಕಡಲ ನೀರಿನ ಉಪ್ಪು ತೆಗೆಯುವ ಸ್ಥಾವರ ನಿಂತರೆ ನಮ್ಮ ದ್ವೀಪದ ಮುನ್ನೂರು ಮನೆಗಳ ನಲ್ಲಿಗಳೂ ನಿಲ್ಲುತ್ತವೆ. ಅಲ್ಲಿನ ಪೈಪುಗಳಿಗೆಲ್ಲ ಮೇಸ್ತ್ರಿ ಓಕ್ ಬುನ್ಯಂಗ್. ಕೋಜೆಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ವೆಲ್ಡಿಂಗ್ ಮಾಡಿ ಬಂದವಳು. ಅವಳ ಕೈಕೆಳಗೆ ದುಡಿದ ನಾವು ಅವಳನ್ನು ಬುನ್ಯಂಗಕ್ಕ ಎಂದೇ ಕರೆಯುತ್ತಿದ್ದೆವು.

ಆ ವರ್ಷ ಸುಗ್ಗಿಯ ಚುಸಾಕ್ ಹಬ್ಬಕ್ಕೆ ನೆಂಟರೆಲ್ಲ ಬಂದಿಳಿದ ಹೊತ್ತಿಗೇ ಕಡಲ ನೀರು ಹಾಯುವ ಹೆಚ್ಚು ಒತ್ತಡದ ಪೈಪು ಸೋರತೊಡಗಿತು. ಎರಡು ದಿನ ಜನ ಕ್ಯಾನು ಹಿಡಿದು ದೋಣಿಕಟ್ಟೆಯಲ್ಲಿ ನೀರಿನ ದೋಣಿಗೆ ಕಾದರು. ಎರಡು ಪೈಪುಗಳನ್ನು ಬೋಲ್ಟು ಬಿಗಿದು ಕೂಡಿಸುವ ದಪ್ಪ ಬಳೆಯಂಥ ಫ್ಲಾಂಜನ್ನು ಬುನ್ಯಂಗಕ್ಕ ಬಿಚ್ಚಿದಳು. ಹೊರಗೆ ಫಳಫಳ ಹೊಳೆಯುತ್ತಿತ್ತು. ಒಳಗೆ, ಸಂದು ಮುಚ್ಚುವ ಗ್ಯಾಸ್ಕೆಟ್ ಕೂತ ಜಾಗದಲ್ಲಿ, ಹುಳು ತಿಂದಂತೆ ತೂತುಗಳು.

ಸ್ಥಾವರದ ಮುಖ್ಯಸ್ಥ ಪ್ಯೊ ಸಾಹೇಬರು ಬೂಸಾನಿನಿಂದ ಅದೇ ಸ್ಟೇನ್‌ಲೆಸ್ ಫ್ಲಾಂಜು ತರಿಸಿದರು. ಸದ್ಯಕ್ಕೆ ಅದನ್ನು ಹಾಕಿ ನೀರು ಬಿಟ್ಟ ಬುನ್ಯಂಗಕ್ಕ, ಮುಂದಿನ ಬೇಸಿಗೆಯೊಳಗೆ ಆ ಸಾಲಿನ ಎಲ್ಲ ಫ್ಲಾಂಜುಗಳನ್ನೂ ಉಪ್ಪುನೀರಿಗೆ ಹೆಚ್ಚು ತಾಳುವ ಡ್ಯೂಪ್ಲೆಕ್ಸ್ ಎಂಬ ಉಕ್ಕಿನವಕ್ಕೆ ಬದಲಿಸಬೇಕೆಂದು ಹಟ ಹಿಡಿದಳು. ಅದರ ಬೆಲೆ ಎರಡು ಪಟ್ಟು ಎಂದು ಸಾಹೇಬರು ರೇಗಿದರು.

"ಆರು ವರ್ಷದ ಹಿಂದೆ ಸ್ಟೇನ್‌ಲೆಸ್ಸೇ ಸಾಕು ಅಂತ ಬರೆದುಕೊಟ್ಟೋರು ಯಾರು, ಮೇಸ್ತ್ರಿ?"

"ನಾನೇ ಸಾರ್. ಹರಿಯೋ ನೀರಿನ ಲೆಕ್ಕ ಹಾಕ್ದೆ. ಸಂದೀಲಿ ನಿಂತ ಉಪ್ಪುನೀರು ಹೀಗೆ ತಿನ್ನುತ್ತೆ ಅಂತ ಹೊಳೀಲಿಲ್ಲ. ನನ್ನ ತಪ್ಪನ್ನ ನಾನೇ ಸರಿ ಮಾಡ್ತೀನಿ, ಬಿಡಿ."

ಸಾಹೇಬರು ಒಪ್ಪಲಿಲ್ಲ. ಅವಳು ಹಳೆಯ ಗೆಳತಿಯೊಬ್ಬಳಿಂದ ಒಂದು ಜೊತೆ ಡ್ಯೂಪ್ಲೆಕ್ಸ್ ಫ್ಲಾಂಜು ತರಿಸಿ, ಪಕ್ಕದ ಕವಲು ಪೈಪಿನಲ್ಲಿ ಒಂದು ಜೊತೆ ಸ್ಟೇನ್‌ಲೆಸ್ಸಿನ ಬಗಲಿಗೇ ಕೂಡಿಸಿ ಉಪ್ಪುನೀರು ಹಾಯಿಸಿದಳು. ಚಳಿಗಾಲವಿಡೀ ದಿನಾ ಬೆಳಗ್ಗೆ ಹೋಗಿ ನೋಡುತ್ತಿದ್ದಳು. ಮೊಟ್ಟೆಗೆ ಕಾವು ಕೊಡ್ತಿದ್ದೀಯಾ ಅಕ್ಕಾ ಎಂದು ನಾವು ಗೇಲಿ ಮಾಡಿದರೆ, ಮರಿ ಆದಾಗ ತೋರಿಸ್ತೀನಿ ಇರ್ರೋ ಎನ್ನುತ್ತಿದ್ದಳು.

ಏಪ್ರಿಲ್‌ನಲ್ಲಿ ಸಾಹೇಬರ ಎದುರಿಗೇ ಎರಡನ್ನೂ ಬಿಚ್ಚಿದಳು. ಸ್ಟೇನ್‌ಲೆಸ್ಸಿನ ಮುಖದಲ್ಲಿ ಆಗಲೇ ಚುಕ್ಕೆಗಳೆದ್ದಿದ್ದವು. ಡ್ಯೂಪ್ಲೆಕ್ಸ್ ಮಾತ್ರ ಹಾಕಿದಾಗ ಇದ್ದಂತೆಯೇ ಇತ್ತು. ಸಾಹೇಬರು ಎರಡರ ಮೇಲೂ ಹೆಬ್ಬೆರಳಾಡಿಸಿ, ಹಾಗಾದರೆ ಇಡೀ ಸ್ಥಾವರಕ್ಕೇ ಇದನ್ನು ಹಾಕಿಸೋಣ ಎಂದರು.

"ಬೇಡ ಸಾರ್. ಉಪ್ಪು ತೆಗೆದ ನೀರಿನ ಪೈಪಿಗೆ ಸ್ಟೇನ್‌ಲೆಸ್ಸೇ ಸಾಕು. ಅಲ್ಲಿ ಇದಕ್ಕೇನೂ ಕೆಲಸ ಇಲ್ಲ."

ಮೇ ತಿಂಗಳಲ್ಲಿ ಉಪ್ಪುನೀರಿನ ಸಾಲಿಗೆಂದು ತರಿಸಿದ ಮಾಲು ಬಂತು. ಬುನ್ಯಂಗಕ್ಕ ದೋಣಿಕಟ್ಟೆಯಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದಕ್ಕೂ ಅಯಸ್ಕಾಂತ ಹಚ್ಚಿ ನೋಡಿದಳು. ಡ್ಯೂಪ್ಲೆಕ್ಸಿಗೆ ಅದು ಅಂಟುತ್ತದೆ, ನಮ್ಮ ಸ್ಟೇನ್‌ಲೆಸ್ಸಿಗೆ ಅಂಟುವುದಿಲ್ಲ. ಎರಡಕ್ಕೆ ಅಂಟಲಿಲ್ಲ. ಅವನ್ನು ಅದೇ ದೋಣಿಯಲ್ಲಿ ವಾಪಸು ಕಳಿಸಿ, ಬದಲಿ ಬರುವ ತನಕ ಅವು ಕೂರಬೇಕಾದ ಜೋಡಣೆಗೆ ಯಾರೂ ಕೈ ಹಚ್ಚಕೂಡದು ಎಂದಳು.

ಎರಡು ವರ್ಷದ ಮೇಲೆ ತಪಾಸಣೆಗೆಂದು ಬಿಚ್ಚಿದಾಗ ಫ್ಲಾಂಜುಗಳ ಮುಖ ನಯವಾಗಿಯೇ ಇತ್ತು. ಬುನ್ಯಂಗಕ್ಕ ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ತಾನೇ ಬಿಗಿದು, ಕೈ ತೊಳೆದು ಬಂದು, ಕಡಲಪಾಚಿಯ ಸಾರಿಗೆ ಅನ್ನ ಸುರಿದುಕೊಂಡು ಎರಡು ಬಟ್ಟಲು ಉಂಡಳು.