ಹುಳುಮನೆಯ ಕೆಮ್ಮು

ಬಿ.ಪಿ. ಮಾತ್ರೆ ಶುರು ಮಾಡಿ ತಿಂಗಳು ಕಳೆಯುವಷ್ಟರಲ್ಲಿ ನನಗೆ ಒಣಕೆಮ್ಮು ಹಿಡಿಯಿತು. ಕಫವಿಲ್ಲ, ಜ್ವರವಿಲ್ಲ, ಗಂಟಲಲ್ಲಿ ಸುಮ್ಮನೆ ಕೆರೆತ. ಮಾತಿನ ನಡುವೆ ಬರುತ್ತಿತ್ತು, ಊಟದ ನಡುವೆಯೂ ಬರುತ್ತಿತ್ತು.

ಅಕ್ಕೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳು ಎಷ್ಟು ಸೊಪ್ಪು ಹಾಕಿದರೂ ಸಾಲದೆಂಬಂತೆ ತಿನ್ನುತ್ತಿದ್ದ ಹೊತ್ತು ಅದು. ಗಂಡ ತೀರಿಕೊಂಡ ಮೇಲೆ ಹುಳುಮನೆಯನ್ನು ನಾನೊಬ್ಬಳೇ ನಡೆಸುತ್ತಿದ್ದೆ. ಅದು ನನ್ನ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ಮೊದಲಿನಿಂದಲೂ ಹಿಡಿಸಿರಲಿಲ್ಲ. ಆದರೂ ಪ್ರತಿ ಬೆಳೆಗೆ ಮರಿಹುಳು ತರುವ ಮುನ್ನ ಅವರನ್ನು ಒಂದು ಮಾತು ಕೇಳುತ್ತಿದ್ದೆ. ಕೆಮ್ಮು ಅವರಿಗೆ ನೆಪವಾಯಿತು.

"ಹುಳದ ದೂಳು ಕಣವ್ವ ಅದು. ಈ ಬೆಳೆಗೇ ನಿಲ್ಸ್ಬುಡು. ಆ ಮಾತ್ರೆನೂ ಬುಟ್ಬುಡು, ಸಾಯೋಗಂಟ ನುಂಗ್ಬೇಕಾಯ್ತದೆ" ಎಂದರು.

"ಎರಡೂ ಬುಡಾಕಿಲ್ಲ ಭಾವ. ಹುಳ ಸಾಕ್ತಾ ಇಷ್ಟು ವರ್ಸ ಆಯ್ತು, ಆಗ ಬರ್ದಿದ್ದ ಕೆಮ್ಮು ಈಗ್ಯಾಕೆ ಬಂತು ಅಂತ ಕೇಳ್ಕೊಂಡು ಬತ್ತೀನಿ."

ಬೆಳಗಿನ ಸೊಪ್ಪು ಹಾಕಿ ಚನ್ನಪಟ್ಟಣದ ಬಸ್ಸು ಹತ್ತಿದೆ. ಬಿ.ಪಿ. ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರಮ್ಮ ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಕೆಮ್ಮಿನ ಸಿರಪ್ ಬರೆಯಲು ಹೊರಟರು.

"ಸಿರಪ್ ಬ್ಯಾಡಿ. ಈ ಬಿ.ಪಿ. ಮಾತ್ರೆ ತಗೊಂಡ್ಮೇಲೇ ಸುರುವಾಗಿದ್ದು. ಅದು ಒಳಗೋಗಿ ಏನ್ ಮಾಡ್ತದೆ, ಒಸಿ ಯೋಳಿ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ರಕ್ತನಾಳ ಬಿಗಿ ಮಾಡೋ ಒಂದು ವಸ್ತು ನಮ್ಮ ಮೈಯಲ್ಲೇ ತಯಾರಾಗುತ್ತೆ. ಈ ಮಾತ್ರೆ ಅದನ್ನ ತಯಾರಾಗೋಕೆ ಬಿಡಲ್ಲ. ನಾಳ ಸಡಿಲ ಆಗುತ್ತೆ, ಬಿ.ಪಿ. ಇಳಿಯುತ್ತೆ, ಹೃದಯಕ್ಕೆ ಭಾರ ಕಮ್ಮಿಯಾಗುತ್ತೆ. ಆದ್ರೆ ಮೈಯಲ್ಲಿ ಕರಗಿ ಹೋಗಬೇಕಾದ ಇನ್ನೊಂದು ವಸ್ತು ಇದರಿಂದ ಹಾಗೇ ಉಳಿದುಬಿಡುತ್ತೆ. ಕೆಲವರಿಗೆ ಅದೇ ಕೆಮ್ಮು ತರೋದು."

"ಮೊದ್ಲೇ ಯಾಕ್ ಯೋಳ್ಲಿಲ್ಲ?"

"ಹೇಳಬೇಕಿತ್ತು" ಎಂದು ಒಪ್ಪಿಕೊಂಡರು. ಬೇರೊಂದು ಮಾತ್ರೆ ಬರೆದರು. ಬಿಗಿ ಮಾಡುವ ವಸ್ತು ತಯಾರಾದರೂ ಅದು ನಾಳಕ್ಕೆ ತಾಕದಂತೆ ಇದು ತಡೆಯುತ್ತದಂತೆ. ಇದರಲ್ಲಿ ಅಂಥ ಕೆಮ್ಮು ಬರುವುದು ಅಪರೂಪವಂತೆ. "ನೀವಾಗೇ ಮಾತ್ರೆ ಬಿಟ್ಟಿದ್ರೆ ಬಿ.ಪಿ. ಮತ್ತೆ ಏರ್ತಿತ್ತು" ಎಂದೂ ಹೇಳಿದರು.

ಕೆಮ್ಮು ಮರುದಿನವೇ ನಿಲ್ಲಲಿಲ್ಲ. ಭಾವ ಜಗಲಿಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಹುಳುಗಳು ಗೂಡು ಕಟ್ಟಿದ ಮೇಲೆ ಅವನ್ನು ಬಿಡಿಸಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ನಾನೇ ಒಯ್ದೆ. ಹರಾಜಿನ ಹೊತ್ತಿಗೆ ಕೆಮ್ಮು ಒತ್ತರಿಸಿ ಬಂತು. ಪಕ್ಕದವರು ಸೆರಗು, ಟವೆಲ್ಲು ಮೂಗಿಗೆ ಹಿಡಿದು ದೂರ ಸರಿದರು. ನಾನು ಜಾಗ ಬಿಡಲಿಲ್ಲ.

ಕೆಲವು ವಾರಗಳಲ್ಲಿ ಕೆಮ್ಮು ಕಡಿಮೆಯಾಗುತ್ತ ಬಂದು ಒಂದು ದಿನ ಇಲ್ಲವೇ ಇಲ್ಲವಾಯಿತು. ಅಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳು ತಂದು ತಟ್ಟೆಗೆ ಬಿಟ್ಟಿದ್ದೆ. ಈ ಸಲ ಭಾವನನ್ನು ಕೇಳಲೂ ಇಲ್ಲ.