ಇಸ್ಮೇಯ ಉಂಗುರ ಮತ್ತು ಆಲ್ಮಾ

ಟೊಬೇಗೊದ ಸ್ಪೇಸೈಡ್ ದಡದಲ್ಲಿ ಜನರನ್ನು ಹವಳ ತೋರಿಸಲು ಕರೆದೊಯ್ಯುವ ದೋಣಿಗಳಲ್ಲಿ ಹೆಂಗಸೆಂದು ಇದ್ದವಳು ಇಸ್ಮೇ ಒಬ್ಬಳೇ. ಉಳಿದ ಹೆಂಗಸರು ಮರಳಿನ ಮೇಲೆ ಕೂತು ಮೀನು ಹುರಿದು ಮಾರುವವರು. ಗಂಡ ಸತ್ತ ಮೇಲೆ ದೋಣಿ ಅವನ ಅಕ್ಕನ ಮಗ ಕಾರ್ಲೈಲನ ಪಾಲಾಯಿತು. ಹಿಂದುಗಡೆ ಕೂರುವ ಒಂದು ಹಲಗೆ, ಜನರನ್ನು ನೀರಿಗಿಳಿಸುವ ಕೆಲಸ, ಇಷ್ಟು ಇಸ್ಮೇಗೆ ಉಳಿಯಿತು. ಅದೂ ಉಳಿದದ್ದು ಒಂದು ಹಾವುಮೀನಿನ ದೆಸೆಯಿಂದ.

ಹಸಿರು ಬಣ್ಣದ, ತೊಡೆ ಗಾತ್ರದ ಆ ಹಾವುಮೀನು ಮೂರನೇ ಹವಳದ ದಿಬ್ಬದ ಬಿಲದಲ್ಲಿತ್ತು. ಸದಾ ಬಾಯಿ ತೆರೆಯುವುದು, ಮುಚ್ಚುವುದು. ಅದಕ್ಕೇ ಇಸ್ಮೇ ತೀರಿಹೋದ ಅತ್ತೆಯ ಹೆಸರಿಟ್ಟಿದ್ದಳು, ಆಲ್ಮಾ ಅಂತ. ಎಲ್ಲಿಂದಲೋ ಬಂದು ಕಡಲೆಲ್ಲ ತಿಂದು ಹಾಕುವ ಸಿಂಹಮೀನನ್ನು ಕಂಡಲ್ಲಿ ಈಟಿಯಿಂದ ಚುಚ್ಚುವುದು ಊರಿನ ರೂಢಿ. ಚುಚ್ಚಿದ್ದರ ಮುಳ್ಳು ಕತ್ತರಿಸಿ, ತುಂಡನ್ನು ಇಸ್ಮೇ ಕೈಯಾರೆ ಆಲ್ಮಾಳಿಗೆ ತಿನ್ನಿಸುತ್ತಿದ್ದಳು. ಹಾಗೆ ಹನ್ನೊಂದು ವರ್ಷ. ಮದುವೆಯುಂಗುರದಿಂದ ಕಲ್ಲಿಗೆ ಎರಡು ಸಲ ತಟ್ಟಿದರೆ ಸಾಕು, ಆಲ್ಮಾ ಹೊರಗೆ ಬಂದು ಅವಳ ಮಣಿಕಟ್ಟಿಗೆ ಗಲ್ಲ ಉಜ್ಜುತ್ತಿದ್ದಳು. ತಟ್ಟುವಾಗ ಇಸ್ಮೇ ಜನರಿಗೆ ಬೆನ್ನು ಮಾಡುತ್ತಿದ್ದಳು. ಆ ಗುಟ್ಟು ಕಾರ್ಲೈಲನಿಗೂ ಗೊತ್ತಿರಲಿಲ್ಲ.

ಹಿರಿಯ ಹೆಂಗಸರನ್ನು ಅಲ್ಲಿ ಟ್ಯಾಂಟಿ ಅನ್ನುವುದು. ಒಂದು ದಿನ ಬೆಳಿಗ್ಗೆ ಅವನು ದಡದಲ್ಲಿ ಎಲ್ಲರೆದುರೇ ಅಂದ. "ಟ್ಯಾಂಟಿ, ಈಗ ಬರೋರೆಲ್ಲ ಈಜು ಕಲಿತೇ ಬರ್ತಾರೆ. ನಿಮ್ಮ ಆ ಹಾವು ಇರೋದಕ್ಕೆ ಈ ಹಲಗೆ. ಇವತ್ತಿನವರು ಖುಷಿಯಾಗಿ ಹೋಗ್ಲಿಲ್ಲ ಅಂದ್ರೆ ನಾಳೆ ನೀವೂ ದಡದಲ್ಲಿ ಮೀನು ಹುರೀರಿ."

"ನಿನ್ನ ತೊಟ್ಟಿಲು ತೂಗಿದ ಕೈಯೋ ಇದು."

"ತೊಟ್ಟಿಲು ದೋಣೀಲಿಲ್ವಲ್ಲ, ಟ್ಯಾಂಟಿ."

ಬಂದವರು ಟ್ರಿನಿಡಾಡಿನ ಸಂಸಾರ. ಅಪ್ಪ ಬಿಸ್ನಾಥ್, ಹೆಂಡತಿ ಇಂದ್ರಾ, ಒಂಬತ್ತು ವರ್ಷದ ಮಗಳು ಅಲಿಷಾ, ಜೊತೆಗೆ ಬಿಸ್ನಾಥನ ತಾಯಿ. ಮನೆಯವರು ಆಕೆಯನ್ನು ಆಜಿ ಅನ್ನುತ್ತಿದ್ದರು. ಕೋಳಿ ಹಾಕಿದ ಪೆಲಾವ್ ಅನ್ನದ ದೊಡ್ಡ ಪಾತ್ರೆಯನ್ನು ಆಜಿ ಮಡಿಲಲ್ಲಿಟ್ಟುಕೊಂಡೇ ದೋಣಿ ಹತ್ತಿದಳು. ಬಿಸ್ನಾಥ್ ಒಳ್ಳೆಯ ಮನುಷ್ಯ, ನಗುನಗುತ್ತ ಮಾತಾಡುವವನು. ದಾರಿಯುದ್ದಕ್ಕೂ ಪಾತ್ರೆಗೆ ಕೈ ಹಾಕಿ ಕೋಳಿ ತುಂಡು ಎಳೆದು ತಿನ್ನುತ್ತಿದ್ದ.

"ಕೈ ತೊಳ್ಕೊಂಡು ತಿನ್ನೋ, ಕತ್ತೆ," ಅಂದಳು ಆಜಿ.

"ಕಡಲೇ ಇದೆಯಲ್ಲಮ್ಮ, ತಾನೇ ತೊಳ್ಯುತ್ತೆ."

ನೀರಿಗಿಳಿದವರು ಈಜುವ ಕನ್ನಡಕ ಹಾಕಿ, ಉಸಿರಾಡುವ ಕೊಳವೆ ಕಚ್ಚಿ ಮೂರನೇ ದಿಬ್ಬಕ್ಕೆ ಬಂದಾಗ ಇಸ್ಮೇ ಬೆನ್ನು ಮಾಡಿ ತಟ್ಟಿದಳು. ಆಲ್ಮಾ ಹೊರಗೆ ಬಂದಳು, ತುಂಡು ತಿಂದಳು, ಒಳಗೆ ಹೋದಳು. ಅಲಿಷಾಳಿಗೆ ಹುಚ್ಚು ಹಿಡಿದ ಹಾಗಾಯಿತು. ದೋಣಿಯ ಅಂಚು ಹಿಡಿದು ತೇಲುತ್ತ, "ಟ್ಯಾಂಟಿ, ಅದನ್ನ ಹೆಂಗೆ ಕರೆದ್ರಿ? ಹೇಳ್ಲೇಬೇಕು!" ಅಂತ ಹಟ ಹಿಡಿದಳು. ಇಸ್ಮೇ ನಕ್ಕು ತಪ್ಪಿಸಿಕೊಂಡಳು. ಮಗುವಿನ ತುಟಿ ಅಳುವಂತೆ ನಡುಗಿತು. ಚುಕ್ಕಾಣಿಯ ಹತ್ತಿರದಿಂದ ಕಾರ್ಲೈಲ್ ಹುಬ್ಬು ಹಾರಿಸಿದ. ಇಸ್ಮೇ ಕೈ ಎತ್ತಿ ಉಂಗುರ ತೋರಿಸಿ ದೋಣಿಯ ಅಂಚಿಗೆ ಎರಡು ಸಲ ತಟ್ಟಿದಳು. ಟಕ್, ಟಕ್.

"ಇಷ್ಟೇನಾ!" ಅಂದ ಬಿಸ್ನಾಥ್. ಅವನ ಬೆರಳಲ್ಲೂ ಉಂಗುರವಿತ್ತು.

ಇಸ್ಮೇ ಬೇಡ ಅನ್ನುವಷ್ಟರಲ್ಲಿ ಅವನು ಮುಳುಗಿದ್ದ. ಟಕ್, ಟಕ್. ಆಲ್ಮಾ ಬಂದಳು. ಹಾವುಮೀನಿಗೆ ಕಣ್ಣು ಮಂದ, ಮೂಗು ಚುರುಕು. ತಟ್ಟಿದ್ದು ಕೇಳಿತು, ಎದುರಿಗೊಂದು ಕೈಯಿತ್ತು, ಉಗುರಿನ ಸಂದಿಯಲ್ಲಿ ಕೋಳಿಯ ಜಿಡ್ಡಿತ್ತು. ಹನ್ನೊಂದು ವರ್ಷ ಕಲಿತ ಪಾಠದಂತೆ ಅವಳು ಬಾಯಿ ಹಾಕಿದಳು.

ಬೆರಳೇನೂ ಹೋಗಲಿಲ್ಲ. ಎರಡು ಗೆಣ್ಣಿನ ನಡುವೆ ಚರ್ಮ ಹರಿಯಿತು, ರಕ್ತ ಸುರಿಯಿತು. ಇಂದ್ರಾ ಚೀರಿದಳು. ಎಲ್ಲರೂ ದೋಣಿ ಹತ್ತಿದರು. ಆಜಿ ಸೆರಗು ಹರಿದು ಕಟ್ಟಿದಳು. ರಕ್ತ ನಿಂತ ಮೇಲೆ ಬಿಸ್ನಾಥನಿಗೆ ನಾಚಿಕೆಯಾಯಿತು, ನಾಚಿಕೆ ಸಿಟ್ಟಾಯಿತು.

"ಮಕ್ಕಳು ಈಜೋ ಜಾಗದಲ್ಲಿ ಇಂಥ ಪ್ರಾಣಿ ಸಾಕ್ತೀರೇನ್ರಿ? ನನ್ನ ಮಗಳ ಕೈ ಆಗಿದ್ರೆ? ದಡಕ್ಕೆ ಹೋಗಿ ಎಲ್ರಿಗೂ ಹೇಳ್ತೀನಿ."

ಕಾರ್ಲೈಲ್ ಈಟಿ ತೆಗೆದು ಇಸ್ಮೇಯ ತೊಡೆಯ ಮೇಲಿಟ್ಟ.

"ನೀನೇ ಇಳಿ," ಅಂದಳು ಅವಳು.

"ನಾನಿಳಿದ್ರೆ ಅದು ಹೊರಗೆ ಬರುತ್ತಾ? ನೀವು ಕರೆದ್ರೆ ಬರೋದು, ಟ್ಯಾಂಟಿ. ಇಲ್ಲಾಂದ್ರೆ ಹಲಗೆ ಖಾಲಿ ಮಾಡಿ."

"ತಪ್ಪು ಅದರದ್ದಲ್ಲ ಕಣೋ. ನಾನು ತೋರಿಸಿಕೊಟ್ಟಿದ್ದು."

"ಹಂಗಾದ್ರೆ ನಿಮ್ಮನ್ನೇ ಚುಚ್ಚಲಾ?" ಅಂದ ಕಾರ್ಲೈಲ್. ಬಿಸ್ನಾಥನೂ ನಕ್ಕುಬಿಟ್ಟ.

ಆಜಿ ಮಾತ್ರ, "ಬಿಡ್ರೋ, ಬಾಯಿಲ್ಲದ ಜೀವ," ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಇಸ್ಮೇ ದಡದ ಕಡೆ ನೋಡಿದಳು. ಹುರಿಯುವ ಬಾಣಲೆಗಳ ಹೊಗೆ ಕಾಣಿಸುತ್ತಿತ್ತು. ಅವಳು ನೀರಿಗಿಳಿದಳು.

ಟಕ್, ಟಕ್. ಆಲ್ಮಾ ಬಂದಳು. ಆಗತಾನೇ ಅಷ್ಟು ಗದ್ದಲವಾಗಿದ್ದರೂ ಬಂದಳು. ತುಂಡು ಹುಡುಕಿ ಇಸ್ಮೇಯ ಎಡಗೈಯ ಸುತ್ತ ಒಂದು ಸುತ್ತು ಬಂದು, ಮಣಿಕಟ್ಟಿಗೆ ಗಲ್ಲ ಉಜ್ಜಿದಳು. ಬಲಗೈಯಲ್ಲಿ ಈಟಿಯಿತ್ತು. ಮೊದಲ ಏಟು ಕಿವಿರಿನ ಹಿಂದೆ ಬಿತ್ತು, ಸಾಯಲಿಲ್ಲ. ಎರಡನೆಯದಕ್ಕೆ ಈಟಿಗೇ ಸುತ್ತಿಕೊಂಡಳು. ನಾಲ್ಕನೆಯದಕ್ಕೆ ಸುಮ್ಮನಾದಳು. ಅಷ್ಟು ಹೊತ್ತೂ ಒಮ್ಮೆಯೂ ಇಸ್ಮೇಯ ಕೈ ಕಚ್ಚಲಿಲ್ಲ.

ಆಲ್ಮಾಳನ್ನು ದೋಣಿಗೆ ಎಳೆದುಕೊಂಡಾಗ ಬಿಸ್ನಾಥ್ ಕಟ್ಟಿದ ಬೆರಳು ಎತ್ತಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಆಮೇಲೆ ಎಲ್ಲರೂ ಪೆಲಾವ್ ತಿಂದರು. ಇಸ್ಮೇಗೂ ಒಂದು ತಟ್ಟೆ ಕೊಟ್ಟರು. ಅಲಿಷಾ ಪಕ್ಕಕ್ಕೆ ಬಂದು ಕೂತು ಮೆಲ್ಲಗೆ ಕೇಳಿದಳು. "ಅದು ತಿಂಡಿ ಕೊಡ್ತೀರಿ ಅಂತ ಬಂತಾ, ಟ್ಯಾಂಟಿ?"

"ಹೂಂ ಮಗಳೇ."

ದಡದಲ್ಲಿ ಕಾರ್ಲೈಲ್ ತಲೆ ಕತ್ತರಿಸಿ ಅವಳ ಮುಂದೆ ಹಾಕಿದ. "ಕುದಿಸಿ, ಚೆನ್ನಾಗಿ ಉಜ್ಜಿ. ಹಲ್ಲು ಬೀಳಬಾರದು." ಇಸ್ಮೇ ಎರಡು ದಿನ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ದವಡೆಯನ್ನು ಬೆಳ್ಳಗೆ ಮಾಡಿಕೊಟ್ಟಳು. ಕಾರ್ಲೈಲ್ ಅದಕ್ಕೆ ಹಗ್ಗ ಕಟ್ಟಿ ದೋಣಿಯಲ್ಲಿ ತೂಗುಹಾಕಿದ. ಬಂದವರಿಗೆಲ್ಲ ತಾನು ಅದರ ಜೊತೆ ಹೋರಾಡಿದ ಕಥೆ ಹೇಳತೊಡಗಿದ. ಆಲ್ಮಾ ಬದುಕಿದ್ದಾಗಿನದಕ್ಕಿಂತ ಹೆಚ್ಚು ಜನ ಬಂದರು.

ಹಲಗೆ ಇಸ್ಮೇಗೇ ಉಳಿಯಿತು. ದಿಬ್ಬ ಬಂದಾಗ ಅವಳೀಗ ನೀರಿಗಿಳಿಯುವುದಿಲ್ಲ. ಮಕ್ಕಳು ಸಾಲಾಗಿ ನಿಂತು ದವಡೆಯೊಳಗೆ ಬೆರಳಿಡುತ್ತಾರೆ, ತಂದೆತಾಯಂದಿರು ಫೋಟೋ ತೆಗೆಯುತ್ತಾರೆ.

"ಟ್ಯಾಂಟಿ, ಬಾಯಿ ಇನ್ನೂ ಸ್ವಲ್ಪ ಅಗಲ ಮಾಡಿ," ಅನ್ನುತ್ತಾನೆ ಕಾರ್ಲೈಲ್.

ಅವಳು ಎರಡೂ ಕೈಯಿಂದ ಅಗಲಿಸಿ ಹಿಡಿಯುತ್ತಾಳೆ.